‘ಒಲ್ಲೆ’ ಅಲ್ಲ, ‘ಆಗವಲ್ದು’: ಧಾರವಾಡ ಜಿಲ್ಲೆಯ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಅವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಹಳೇ ಹುಬ್ಬಳ್ಳಿಯವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ವರ್ಷವಿಡೀ ಬ್ಲೌಸು, ಫಾಲು, ಪಿಕೋ. ಮೇ ತಿಂಗಳು ಬಂತೆಂದರೆ ಯೂನಿಫಾರ್ಮು. ಹಾಗಾಗಿ ನಿಮ್ಮ ಶಾಲೆಗಳು ಶುರುವಾಗುವುದು ನನಗೆ ಕ್ಯಾಲೆಂಡರ್ ನೋಡದೆಯೂ ಗೊತ್ತಾಗುತ್ತದೆ. ಈ ಸಲ 22 ಜೊತೆ ಹೊಲಿದು ಇಸ್ತ್ರಿ ಮಾಡಿ ಇಟ್ಟಿದ್ದೇನೆ. 23ನೆಯದು ನನ್ನ ಮಗಳದ್ದು. ಅದರ ಬಟ್ಟೆ ಮಾತ್ರ ಇನ್ನೂ ಕತ್ತರಿಸಿಲ್ಲ. ಅವಳು ಐದನೇ ಇಯತ್ತೆಗೆ ಹೋಗುತ್ತಾಳೋ ಇಲ್ಲವೋ ನನಗೇ ಗೊತ್ತಿಲ್ಲ.

ಮಗಳ ಹೆಸರು ಬರೆಯುವುದಿಲ್ಲ. ಮನೆಯಲ್ಲಿ ಚಿನ್ನಿ ಅನ್ನುತ್ತೇವೆ, ಇಲ್ಲೂ ಅದೇ ಇರಲಿ. ಶಾಲೆಯ ಹೆಸರೂ ಬೇಡ. ಯಾರದೋ ಮೇಲೆ ದೂರು ಹೇಳುವುದೇ ಆಗಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಬರುತ್ತಿದ್ದೆ. ಇದು ಎಲ್ಲರೂ ಓದಲಿ ಅಂತ ಬರೆಯುತ್ತಿರುವುದು, ಯಾಕೆಂದರೆ ಆಟಿಸಂ ಇದ್ದು, ‘ಇದನ್ನು ಮಾಡು’ ಅಂದರೆ ಹೆದರಿಕೊಳ್ಳುವ ಚಿನ್ನಿಯಂಥ ಮಕ್ಕಳು ಇವಳೊಬ್ಬಳೇ ಇರಲಿಕ್ಕಿಲ್ಲ. ಬಹಳ ಕಡೆ ಅವರಿಗೆ ‘ಸೊಕ್ಕಿನ ಹುಡುಗ’, ‘ಹಟಮಾರಿ ಹುಡುಗಿ’ ಅಂತ ಬೇರೆ ಹೆಸರಿಟ್ಟಿರುತ್ತಾರೆ, ಅಷ್ಟೇ.

ಹೋದ ವರ್ಷ ನಡೆದ ಒಂದು ಸಂಗತಿ ಹೇಳುತ್ತೇನೆ. ನಿಮ್ಮ ಶಾಲೆಗಳಲ್ಲಿ ಹಾಲು ಕೊಡುತ್ತಾರಲ್ಲ, ಕ್ಷೀರಭಾಗ್ಯದ್ದು. ಚಿನ್ನಿಗೆ ಹಾಲೆಂದರೆ ಜೀವ. ಮನೆಯಲ್ಲಿ ಕೆನೆ ತೆಗೆದಿಟ್ಟರೆ ಕದ್ದು ತಿನ್ನುತ್ತಾಳೆ. ಆ ದಿನ ಮಕ್ಕಳೆಲ್ಲ ಸಾಲಾಗಿ ಕೂತು ಕುಡಿಯುತ್ತಿದ್ದರು. ಇವಳು ಲೋಟ ಹಿಡಿದು ಸುಮ್ನೆ ಕೂತಿದ್ದಳು. ಅಕ್ಕೋರು ಬಂದು ನಿಂತರು. "ಕುಡಿ. ನೀ ಕುಡಿಯೂತನಾ ನಾ ಇಲ್ಲೇ ನಿಂದರ್ತೀನಿ."

ಮುಂದೆ ಆದದ್ದನ್ನು ಪಕ್ಕದಲ್ಲಿ ಕೂತಿದ್ದ ಹುಡುಗಿ ನನಗೆ ಒಂದೂ ಬಿಡದೆ ಹೇಳಿದಳು. ಚಿನ್ನಿ ಮೊದಲು, "ಅಕ್ಕೋರ, ನಿಮ್ಮ ಸೀರಿ ಭಾಳ ಛಲೋ ಐತ್ರಿ, ಎಲ್ಲಿ ತಗೊಂಡ್ರಿ?" ಅಂದಳಂತೆ. ಅಕ್ಕೋರು ನಕ್ಕು, "ಅದಿರಲಿ, ಕುಡಿ" ಅಂದರು. ಆಮೇಲೆ, "ಹೊಟ್ಟಿ ನೋಯ್ತೈತ್ರಿ." "ಏನೂ ಆಗಂಗಿಲ್ಲ, ಕುಡಿ." ಆಮೇಲೆ, "ನನ್ನ ಕೈ ಏಳವಲ್ವು." ಅಷ್ಟರಲ್ಲಿ ಅಕ್ಕೋರಿಗೂ ಸಿಟ್ಟು ಬಂದಿತ್ತು. ಬರದೆ ಏನು, ಇನ್ನೂ 38 ಮಕ್ಕಳಿದ್ದವು. ಲೋಟ ತುಟಿಯ ಹತ್ತಿರ ತಂದರು. ಲೋಟ ಹಾರಿತು. ಹಾಲು ಆ ಛಲೋ ಸೀರೆಯ ಮೇಲೆಯೇ ಚೆಲ್ಲಿತು. ಚಿನ್ನಿ ಬೆಂಚಿನ ಕೆಳಗೆ ಹೋಗಿ ಕಿರುಚತೊಡಗಿದಳು. 40 ನಿಮಿಷ.

ಮರುದಿನ ನನ್ನನ್ನು ಕರೆಸಿದರು. "ಭಾಳ ಮುದ್ದು ಮಾಡಿ ಕೆಡಿಸೀರಿ. ಎರಡು ಕೊಟ್ಟರ ಸರಿ ಹೋಗ್ತಾಳ. ಇಲ್ಲಾಂದ್ರ ಟಿಸಿ ತಗೊಂಡು ಹೋಗ್ರಿ" ಅಂದರು. ಎರಡು ಕೊಡುವುದನ್ನು ನಾವು ಮಾಡದೆ ಬಿಟ್ಟಿಲ್ಲ ಮಾನ್ಯರೇ. ನಮ್ಮ ಮನೆಯವರು ಟಂಟಂ ಓಡಿಸುತ್ತಾರೆ. ಮೃದು ಮನುಷ್ಯ. ಅವರೂ ಒಮ್ಮೆ ಹೊಡೆದರು, ಆಗ ಅವಳಿಗೆ ಆರು ವರ್ಷ. ಅವತ್ತಿನಿಂದ ಮೂರು ದಿನ ಚಿನ್ನಿ ಒಂದು ಮಾತೂ ಆಡಲಿಲ್ಲ. ಮೂರು ದಿನ ಇವರೂ ಊಟ ಮಾಡಲಿಲ್ಲ. ಸರಿ ಹೋದದ್ದು ಏನೂ ಇಲ್ಲ.

ಚಿನ್ನಿಗೆ ಆಟಿಸಂ ಇದೆ ಅಂತ ಗೊತ್ತಾದದ್ದು ಅವಳ ಆ ಆರನೇ ವರ್ಷದಲ್ಲೇ. ಅಲ್ಲಿಯವರೆಗೆ ಯಾರಿಗೂ ಅನುಮಾನ ಬಂದಿರಲಿಲ್ಲ. ಆಟಿಸಂ ಅಂದರೆ ಮಗು ಮಾತಾಡುವುದಿಲ್ಲ, ಮುಖ ನೋಡುವುದಿಲ್ಲ, ಒಂದೇ ಆಟಿಗೆ ತಿರುಗಿಸುತ್ತಾ ಕೂಡುತ್ತದೆ ಅಂತ ನಾವೂ ತಿಳಿದಿದ್ದೆವು. ಇವಳು ಓಣಿಯ ಎಲ್ಲರ ಜೊತೆ ಮಾತಾಡುತ್ತಾಳೆ. ನನ್ನ ಹತ್ತಿರ ಬ್ಲೌಸು ಹೊಲಿಸಲು ಬಂದವರ ಮನೆ ವಿಷಯವೆಲ್ಲ ಕೇಳಿ ಇಟ್ಟುಕೊಳ್ಳುತ್ತಾಳೆ. ಆದರೆ ದೊಡ್ಡವರು ಯಾರು, ಚಿಕ್ಕವರು ಯಾರು ಅನ್ನುವುದು ಅವಳಿಗೆ ಹತ್ತುವುದಿಲ್ಲ. ಅಕ್ಕೋರೂ ತಾನೂ ಸರಿಸಮ ಅಂತಲೇ ಅವಳ ಲೆಕ್ಕ. ಗದ್ದಲ, ಟ್ಯೂಬ್‌ಲೈಟಿನ ಗುಂಯ್ ಸದ್ದು, ಯೂನಿಫಾರ್ಮಿನ ಕಾಲರು, ಇವೆಲ್ಲ ಅವಳಿಗೆ ಮೈಮೇಲೆ ಇರುವೆ ಹರಿದ ಹಾಗೆ.

ಇನ್ನೊಂದು ಸಂಗತಿ ಕೆಲವು ವರ್ಷ ಬಿಟ್ಟು ಒಬ್ಬ ಮನಶ್ಶಾಸ್ತ್ರಜ್ಞೆ ಹೇಳಿದರು. ಆಟಿಸಂ ಇರುವ ಕೆಲವು ಮಕ್ಕಳಿಗೆ ‘ಇದನ್ನು ಮಾಡು’ ಅನ್ನುವ ಮಾತೇ ಅಪಾಯದ ಗಂಟೆಯ ಹಾಗೆ ಕೇಳುತ್ತದಂತೆ. ಮೈ ಹೆದರುತ್ತದೆ. ಹೆದರಿದ ಮೈ ತಪ್ಪಿಸಿಕೊಳ್ಳಲು ನೋಡುತ್ತದೆ. ಮೊದಲು ಮಾತು ಮರೆಸುವುದು, ಆಮೇಲೆ ನೆಪ, ಆಮೇಲೆ ‘ಕೈ ಏಳವಲ್ವು’, ಕೊನೆಗೆ ಸ್ಫೋಟ. ಹಾಲಿನ ಲೋಟದ ಕಥೆ ಅವರಿಗೆ ಹೇಳಿದಾಗ, ನಾನು ಹೇಳಿ ಮುಗಿಸುವ ಮೊದಲೇ ಅವರು ಮುಂದಿನ ಮೆಟ್ಟಿಲು ಹೇಳಿದರು. ನನಗೆ ಅಳು ಬಂತು. ನನ್ನ ಮಗಳನ್ನು ನೋಡದೆಯೇ ಬಲ್ಲವರು ಇದ್ದಾರಲ್ಲ ಅಂತ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಲಿಜಬೆತ್ ನ್ಯೂಸನ್ ಅನ್ನುವ ಮನಶ್ಶಾಸ್ತ್ರಜ್ಞೆ ಇದ್ದರು. 1980ರ ದಶಕದಲ್ಲಿ ಇಂಥ ಮಕ್ಕಳನ್ನು ಗಮನಿಸಿ ಇದಕ್ಕೆ ‘ಪ್ಯಾಥಲಾಜಿಕಲ್ ಡಿಮಾಂಡ್ ಅವಾಯ್ಡೆನ್ಸ್’ ಅಂತ ಹೆಸರಿಟ್ಟವರು ಅವರೇ. ಅಂದರೆ ಮಾಡು ಅಂದದ್ದನ್ನೆಲ್ಲ ವಿಪರೀತವಾಗಿ ತಪ್ಪಿಸಿಕೊಳ್ಳುವುದು. ಚಿಕ್ಕದಾಗಿ ಪಿಡಿಎ. ಅವರ ಮುಖ್ಯ ಲೇಖನ 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. (ಡಿಮಾಂಡ್ ಅಂದರೆ ನಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿಗೆ ಇರುವುದು. ಆ ಹೆಸರು ಮೊದಲ ಸಲ ಕೇಳಿದಾಗ ನಮ್ಮ ಮನೆಯವರು, "ಯಾವ ಮಾರ್ಕೆಟ್ಟಿಂದು?" ಅಂದಿದ್ದರು.) ಒಂದು ಮಾತು ಮುಚ್ಚಿಡುವುದಿಲ್ಲ. ಡಾಕ್ಟರುಗಳು ಬಳಸುವ ಡಿಎಸ್ಎಂ-5, ಐಸಿಡಿ-11 ಪಟ್ಟಿಗಳಲ್ಲಿ ಪಿಡಿಎ ಅನ್ನುವುದು ಬೇರೆ ಕಾಯಿಲೆಯಾಗಿ ಇಲ್ಲ. ಇದು ಆಟಿಸಂನದೇ ಒಂದು ಬಗೆಯೋ, ಆಟಿಸಂ ಜೊತೆ ವಿಪರೀತ ಆತಂಕ ಸೇರಿದ್ದೋ ಅಂತ ತಿಳಿದವರು ಇನ್ನೂ ವಾದ ಮಾಡುತ್ತಿದ್ದಾರೆ. ‘ಪ್ಯಾಥಲಾಜಿಕಲ್’, ಅಂದರೆ ಕಾಯಿಲೆಯದ್ದು, ಅನ್ನುವ ಪದವೇ ಬೇಡ ಅನ್ನುವವರೂ ಇದ್ದಾರೆ. ನಾನು ಹೊಲಿಗೆಯವಳು. ಲೇಬಲ್ ಏನೇ ಇರಲಿ, ಅಳತೆ ಸರಿ ಕೂತರೆ ನನಗೆ ಸಾಕು. ಈ ಅಳತೆ ಚಿನ್ನಿಗೆ ಸರಿಯಾಗಿ ಕೂತಿತು.

ಈಗ ನಿಮಗೆ ಅನ್ನಿಸಬಹುದು, ಹಟಕ್ಕೂ ಇದಕ್ಕೂ ಏನು ಫರಕು ಅಂತ.

ನನ್ನ ಮಗನೂ ಹಟ ಮಾಡುತ್ತಾನೆ. ಅವನಿಗೆ ಐದು ವರ್ಷ. ದುರ್ಗದ ಬೈಲಿನಲ್ಲಿ ಆಟಿಗೆ ಬೇಕು ಅಂತ ನೆಲಕ್ಕೆ ಬಿದ್ದು ಅಳುತ್ತಾನೆ. ಅಳುವಾಗ ಒಂದು ಕಣ್ಣು ನನ್ನ ಮೇಲೆ ಇರುತ್ತದೆ. ಆಟಿಗೆ ಕೈಗೆ ಬಂದ ತಕ್ಷಣ ಅಳು ಬಂದ್. ಅದು ಹಟ. ಅವನಿಗೆ ಏನೋ ಬೇಕಾಗಿದೆ.

ಚಿನ್ನಿಗೆ ಗಿರಮಿಟ್ಟು, ಮಿರ್ಚಿ ಅಂದರೆ ಪ್ರಾಣ. ಒಂದು ರವಿವಾರ ಸಂಜೆ ಉಣಕಲ್ ಕೆರೆಗೆ ಹೋಗಿ ತಿಂದು ಬರೋಣ ಅಂತ ಮಾತಾಗಿತ್ತು. ವಾರಪೂರ್ತಿ ದಿನ ಎಣಿಸಿದಳು. ರವಿವಾರ ಐದು ಗಂಟೆಗೆ ನಾನು, "ಹೂಂ, ತಯಾರಾಗು, ಲಗೂನ" ಅಂದೆ. ಮುಗಿಯಿತು. ಅವಳು ಮಂಚದ ಕಾಲು ಹಿಡಿದು ಕೂತಳು. "ಒಲ್ಲೆ. ನಾ ಬರಂಗಿಲ್ಲ." ಗಾಡಿ ಹೊರಗೆ ನಿಂತಿದೆ, ತಮ್ಮ ಹತ್ತಿ ಕೂತಿದ್ದಾನೆ. ನಾನು ಬೈದೆ. ಏಳೂವರೆಗೆ ಎಲ್ಲರೂ ಬಟ್ಟೆ ಬದಲಿಸಿದ ಮೇಲೆ ನನ್ನ ಮಷೀನಿನ ಹತ್ತಿರ ಬಂದಳು. ಕಣ್ಣು ಬಾತಿತ್ತು. "ಅವ್ವಾ, ನನಗ ಹೋಗಬೇಕಾಗಿತ್ತು. ಆದ್ರ ಹೋಗಾಕ ಆಗವಲ್ದು" ಅಂದಳು.

ನಮ್ಮ ಕಡೆ ಮಾತಿನಲ್ಲಿ ಇವೆರಡು ಬೇರೆ ಬೇರೆ ಅಲ್ವಾ. ‘ಒಲ್ಲೆ’ ಅಂದರೆ ಮನಸ್ಸಿಲ್ಲ. ‘ಆಗವಲ್ದು’ ಅಂದರೆ ಮನಸ್ಸಿದೆ, ಮೈ ಕೇಳುತ್ತಿಲ್ಲ. ಚಿನ್ನಿಯ ಬಾಯಲ್ಲಿ ‘ಒಲ್ಲೆ’ ಬರುತ್ತದೆ, ಯಾಕೆಂದರೆ ಆ ಹೊತ್ತಿಗೆ ಅದೊಂದೇ ಪದ ಸಿಗುತ್ತದೆ. ಒಳಗಿರುವುದು ‘ಆಗವಲ್ದು’. ತನಗೆ ಇಷ್ಟವಾದದ್ದೂ ‘ಮಾಡಬೇಕು’ ಅಂತ ಆದ ಕೂಡಲೇ ಅವಳಿಗೆ ಕೈ ತಪ್ಪುತ್ತದೆ. ಹಸಿವಾದರೆ ಊಟ, ಒತ್ತಿ ಬಂದರೆ ಬಚ್ಚಲು, ಇವೂ ದೇಹದ ಆಜ್ಞೆಗಳೇ. ಶಾಲೆಯಿಂದ ಎಷ್ಟೋ ದಿನ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಬರುತ್ತಿತ್ತು.

ಇನ್ನೊಂದು ವಿಚಿತ್ರ. ಆಟಿಸಂ ಮಕ್ಕಳಿಗೆ ಸಾಮಾನ್ಯವಾಗಿ ಹೇಳುವ ಉಪಾಯಗಳು ಇಂಥವರಿಗೆ ಬಹಳ ಸಲ ಉಲ್ಟಾ ಹೊಡೆಯುತ್ತವೆ. ಚಿತ್ರ ಹಚ್ಚಿದ ವೇಳಾಪಟ್ಟಿ ಗೋಡೆಗೆ ಅಂಟಿಸಿದೆ. ಅದೇ ದಿನ ಹರಿದಳು. ಹೇಳಿದ್ದು ಮಾಡಿದರೆ ಸ್ಟಾರ್, ಹತ್ತು ಸ್ಟಾರ್ ಆದರೆ ಪೇಢಾ ಅಂದೆ. ಎರಡು ದಿನ ನಡೆಯಿತು, ಮೂರನೆಯ ದಿನ ಪೇಢಾ ಬೇಡವೇ ಬೇಡ ಅಂದಳು. ಹೊಗಳಿಕೆಯೂ ಅಷ್ಟೇ. ಅಕ್ಕೋರು ನೋಟಬುಕ್ಕಿನಲ್ಲಿ ‘ವೆರಿ ಗುಡ್’ ಬರೆದ ಹಾಳೆ ಕಿತ್ತು ಹಾಕಿದಳು. ಇವತ್ತು ವೆರಿ ಗುಡ್ ಅಂದರೆ ನಾಳೆಯೂ ವೆರಿ ಗುಡ್ ಆಗಬೇಕು, ಅದೂ ಒಂದು ಹೊರೆ.

ಹಾಗಾದರೆ ಏನು ಮಾಡುವುದು? ನನಗೆ ದಾರಿ ತೋರಿಸಿದ್ದು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು. ನಗಬೇಡಿ.

ನನ್ನ ತವರು ಧಾರವಾಡ. ಹಳೆಯ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರು, "ಇಳೀರಿ ಇಳೀರಿ, ಲಗೂ" ಅನ್ನುತ್ತಿದ್ದಂತೆ ಚಿನ್ನಿ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಹಿಂದಿನವರು ಬೈಯುವುದು, ನಾನು ಎಳೆಯುವುದು. ಚಿಗರಿಯಲ್ಲಿ ಒಂದು ದನಿ ಬರುತ್ತದಲ್ಲ, ಮುಂದಿನ ನಿಲ್ದಾಣ ಇಂಥದ್ದು ಅಂತ. ಅದು ಯಾರಿಗೂ ಇಳಿ ಅನ್ನುವುದಿಲ್ಲ. ಸುಮ್ನೆ ಇದ್ದದ್ದು ಹೇಳುತ್ತದೆ. ಇಳಿಯುವುದು ಬಿಡುವುದು ನಿಮಗೆ ಬಿಟ್ಟಿದ್ದು. ಟೋಲ್ ನಾಕಾ ಅಂತ ಕೇಳಿದ ತಕ್ಷಣ ಚಿನ್ನಿ ತಾನೇ ಎದ್ದು ಬಾಗಿಲ ಹತ್ತಿರ ನಿಂತಳು. ನಾನು ಇನ್ನೂ ಚೀಲ ಹುಡುಕುತ್ತಿದ್ದೆ. ತಿರುಗಿ ನೋಡಿ, "ಅವ್ವಾ, ನಮ್ಮ ಸ್ಟಾಪ್ ಬಂತು" ಅಂದಳು.

ಅವತ್ತು ರಾತ್ರಿ ಮನೆಯಲ್ಲಿ ನಾನು ಚಿಗರಿ ದನಿ ಮಾಡಿ, "ಮುಂದಿನ ನಿಲ್ದಾಣ, ಬಚ್ಚಲ ಮನೆ" ಅಂದೆ. ಅವಳು ನಕ್ಕಳು. ಹೋಗಿ ಹಲ್ಲುಜ್ಜಿದಳು. ಒಂದು ವರ್ಷದಲ್ಲಿ ಮೊದಲ ಸಲ ಜಗಳವಿಲ್ಲದೆ.

ಇದನ್ನು ಕೇಳಿ ನಮ್ಮ ಅತ್ತೆ, "ಇದು ನನಗ ಮೊದಲss ಗೊತ್ತಿತ್ತು" ಅಂದರು. ನಿಜ ಹೇಳಬೇಕೆಂದರೆ ಗೊತ್ತಿತ್ತು. ಅವರು ಯಾರಿಗೂ ನೇರವಾಗಿ ಕೆಲಸ ಹೇಳುವವರಲ್ಲ. ಗೋಡೆ ನೋಡುತ್ತಾ, "ಈ ಉಳ್ಳಾಗಡ್ಡಿ ಹಂಗss ಬಿದ್ದಾವು" ಅನ್ನುತ್ತಾರೆ. ಹನ್ನೆರಡು ವರ್ಷ ಆ ಮಾತು ನನ್ನ ಕಿವಿಗೆ ಮುಳ್ಳಿನ ಹಾಗೆ ಚುಚ್ಚಿದೆ. ಅದೇ ಮಾತು ಚಿನ್ನಿಗೆ ಔಷಧಿ. ಉಳ್ಳಾಗಡ್ಡಿ ಸುಲಿಯಲು ಅಜ್ಜಿಯ ಹತ್ತಿರ ತಾನೇ ಹೋಗಿ ಕೂಡುತ್ತಾಳೆ. ಗೋಡೆಗೆ ಹೇಳಿ ಸೊಸೆಗೆ ಮುಟ್ಟಿಸುವ ಆ ವಿದ್ಯೆಯನ್ನು ಈಗ ನಾನೂ ಕಲಿಯುತ್ತಿದ್ದೇನೆ. ಎಷ್ಟು ಕಷ್ಟ ಗೊತ್ತಾ? ನಾವು ಮಕ್ಕಳ ಜೊತೆ ಆಡುವ ಪ್ರೀತಿಯ ಮಾತೆಲ್ಲ ಆಜ್ಞೆಯೇ. ಬಾ, ಕೂಡು, ಉಣ್ಣು, ಇನ್ನಷ್ಟು ಹಾಕಿಸಿಕೋ, ಮಾವಗ ನಮಸ್ಕಾರ ಮಾಡು, ಹಾಡು ಹೇಳು, ಅಜ್ಜನ ಕಾಲು ಬೀಳು. ಒಂದು ದಿನ ಬೆಳಗ್ಗೆ ಎದ್ದಾಗಿನಿಂದ ಶಾಲೆಗೆ ಬಿಡುವವರೆಗೆ ನಾನು ಎಷ್ಟು ಸಲ ಹೀಗೆ ಹೇಳುತ್ತೇನೆ ಅಂತ ಎಣಿಸಿದೆ. 64 ಆದ ಮೇಲೆ ಎಣಿಸುವುದು ಬಿಟ್ಟೆ.

ಯೂನಿಫಾರ್ಮು ಹಾಕಿಸುವುದು ಇನ್ನೊಂದು ಕಥೆ. ಇಂಥ ಮಕ್ಕಳು ವೇಷ ಕಟ್ಟುವುದರಲ್ಲಿ, ಇನ್ನೊಬ್ಬರಾಗುವುದರಲ್ಲಿ ಬಹಳ ಚುರುಕು. ಇದನ್ನು ನ್ಯೂಸನ್ ಕೂಡ ಗುರುತಿಸಿದ್ದರು. ಹಾಗಾಗಿ ಬೆಳಗ್ಗೆ ಚಿನ್ನಿ ಅಂಗಡಿಯ ಮಾಲಕಿ, ನಾನು ಕೆಲಸದವಳು. ಅವಳು ಕುತ್ತಿಗೆಗೆ ಟೇಪು ಹಾಕಿಕೊಂಡು ಮಂಚದ ಮೇಲೆ ನಿಲ್ಲುತ್ತಾಳೆ. ನಾನು, "ಮೇಡಂ, ಈ ಕಾಲರು ಗಿರಾಕಿಗೆ ಚುಚ್ಚತೈತಂತ್ರಿ, ನೀವೊಮ್ಮೆ ನೋಡ್ತೀರೇನ್ರಿ?" ಅನ್ನುತ್ತೇನೆ. ಅವಳು ಹಾಕಿ ನೋಡುತ್ತಾಳೆ. ತಪ್ಪು ಹುಡುಕುತ್ತಾಳೆ. "ಇಲ್ಲಿ ದಾರ ಬಿಟ್ಟೀರಿ. ನಿಮ್ಮ ಪಗಾರ ಕಟ್ ಮಾಡ್ತೀನಿ" ಅನ್ನುತ್ತಾಳೆ. ನನ್ನ ಪಗಾರ ಕಟ್ ಆಗುತ್ತದೆ, ಅವಳ ಯೂನಿಫಾರ್ಮು ಮೈಮೇಲೆ ಬಂದಿರುತ್ತದೆ. ದಿನಾ ನಡೆಯುತ್ತದೆ ಅಂತಲ್ಲ. ವಾರಕ್ಕೆ ಮೂರು ದಿನ ನಡೆದರೆ ಹೆಚ್ಚು. ಉಳಿದ ದಿನ ಬೇರೆ ಆಟ ಹುಡುಕಬೇಕು.

ಏನೂ ಹೇಳಲೇಬಾರದಾ, ಮಗು ರಾಜ್ಯಭಾರ ಮಾಡಲಿ ಅಂತ ಬಿಡುವುದಾ? ಹಾಗಲ್ಲ. ರಸ್ತೆ ದಾಟುವುದು, ಒಲೆ, ತಮ್ಮನ ಮೇಲೆ ಕೈ ಮಾಡುವುದು, ಈ ಮೂರರಲ್ಲಿ ನಮ್ಮ ಮನೆಯಲ್ಲಿ ರಾಜಿ ಇಲ್ಲ. ಆ ಮೂರನ್ನು ಗಟ್ಟಿಯಾಗಿ ಹಿಡಿಯಲು ಉಳಿದ ಮೂವತ್ತನ್ನು ಬಿಟ್ಟಿದ್ದೇವೆ. ಜಡೆ ಹೆಣೆಯುವುದನ್ನು ಬಿಟ್ಟೆವು, ಕೂದಲು ಕತ್ತರಿಸಿದೆವು. ಮದುವೆಗಳಿಗೆ ಕರೆದುಕೊಂಡು ಹೋಗುವುದನ್ನು ಬಿಟ್ಟೆವು. ಹೋಮ್‌ವರ್ಕ್ ಬಿಟ್ಟೆವು. ಮಷೀನಿನಲ್ಲಿ ದಾರ ಮತ್ತೆ ಮತ್ತೆ ತುಂಡಾದರೆ ನಾನು ದಾರಕ್ಕೆ ಬೈಯುವುದಿಲ್ಲ. ಬಿಗಿ ಸಡಿಲಿಸುತ್ತೇನೆ.

ಇನ್ನು ಶಾಲೆಯ ಮಾತು. ಇಲ್ಲಿ ನಾನು ನಿಮ್ಮ ಇಲಾಖೆಯನ್ನೇ ಹೊಗಳಬೇಕಾಗಿದೆ.

ಒಂದರಿಂದ ಮೂರನೇ ಇಯತ್ತೆವರೆಗೆ ಚಿನ್ನಿ ನಲಿ-ಕಲಿಯಲ್ಲಿ ಕಲಿತಳು. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಶುರುವಾದದ್ದಂತೆ ಅದು. ಅಲ್ಲಿ ಎಲ್ಲರೂ ಒಂದೇ ಪಾಠವನ್ನು ಒಂದೇ ಹೊತ್ತಿಗೆ ತೆರೆಯಬೇಕಾಗಿಲ್ಲ. ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿ ಇದೆ ಅಂತ ತಾನೇ ನೋಡಿಕೊಂಡು ತನ್ನ ಕಾರ್ಡು ಎತ್ತಿಕೊಳ್ಳುತ್ತದೆ. ನೆಲದ ಮೇಲೆ ಗುಂಪು. ಯಾರೂ ತಲೆ ಮೇಲೆ ನಿಲ್ಲುವುದಿಲ್ಲ. ಆ ಅಕ್ಕೋರಿಗೆ ಪಿಡಿಎ ಅಂದರೆ ಏನು ಅಂತ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಚಿನ್ನಿ ಓದಲು ಕಲಿತಳು, ಕೂಡಿಸುವುದು ಕಳೆಯುವುದು ಕಲಿತಳು. ಹಾಗಂತ ಎಲ್ಲ ಸುಸೂತ್ರ ಅಂತಲ್ಲ. ಶಾಲೆಯಲ್ಲಿ ಹೇಗೋ ತಡೆದುಕೊಂಡು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಒಡೆಯುತ್ತಿದ್ದಳು. "ಇಲ್ಲೆ ಏನೂ ತ್ರಾಸ ಇಲ್ಲರೀ, ನಿಮ್ಮ ಮನ್ಯಾಗ ಏನೋ ಐತಿ" ಅಂತ ಅವರೂ ಒಮ್ಮೆ ಅಂದದ್ದುಂಟು. ದಿನವಿಡೀ ತಡೆದುಕೊಂಡ ಮಗು ತನಗೆ ಧೈರ್ಯವಿರುವ ಜಾಗದಲ್ಲಿ ಒಡೆಯುತ್ತದೆ ಅನ್ನುವುದು ನನಗೂ ಆಗ ತಿಳಿದಿರಲಿಲ್ಲ.

ನಾಲ್ಕನೇ ಇಯತ್ತೆಗೆ ಬಂದಳು. ಬೆಂಚು, ಸಾಲು, ಪೀರಿಯಡ್ಡು, ಕಾಪಿ ಬರಿ, ಎದ್ದು ನಿಲ್ಲು, ಉತ್ತರ ಹೇಳು. ಆರು ತಿಂಗಳಲ್ಲಿ ಹಾಲಿನ ಲೋಟ ಹಾರಿತು. ಆಮೇಲೆ ಅವಳು ಶಾಲೆಗೆ ಹೋದ ದಿನಗಳನ್ನು ನಾನು ಕೈಬೆರಳಲ್ಲಿ ಎಣಿಸಬಲ್ಲೆ.

ಕಾನೂನು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೂ ಟಿಸಿ ಮಾತು ಬಂದದ್ದಕ್ಕೆ ಬರೆಯುತ್ತೇನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಆಟಿಸಂ ಅದರಲ್ಲಿ ಒಂದು. 1995ರ ಹಳೆಯ ಕಾಯ್ದೆಯ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಹೊಸ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು ಶಾಲೆಯ ಕೆಲಸ. ಪಾಠ, ಪರೀಕ್ಷೆಗಳನ್ನು ಬೇಕಾದ ಹಾಗೆ ಬದಲಿಸಿಕೊಡಬೇಕು ಅಂತ 17ನೇ ಸೆಕ್ಷನ್ ಹೇಳುತ್ತದೆ. ಇನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ. ಅಲ್ಲಿಯೂ ಅವೇ ನಂಬರು, ನೋಡಿ. 16ನೇ ಸೆಕ್ಷನ್ನಿನಲ್ಲಿ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಅಂತಿದೆ. 17ರಲ್ಲಿ ಹೊಡೆಯುವುದಕ್ಕೂ ಮನಸ್ಸಿಗೆ ಹಿಂಸೆ ಕೊಡುವುದಕ್ಕೂ ನಿಷೇಧ ಇದೆ. ‘ಎರಡು ಕೊಡುವುದು’ ಮತ್ತು ‘ಟಿಸಿ ತಗೊಂಡು ಹೋಗುವುದು’ ಎರಡೂ ಅಲ್ಲಿಗೇ ಮುಗಿದವು.

ಆದರೆ ಕಾನೂನು ತೋರಿಸಿ ಗೆಲ್ಲುವ ಆಸೆ ನನಗಿಲ್ಲ. ಗೆದ್ದು ಏನು ಮಾಡಲಿ, ನಾಳೆ ಚಿನ್ನಿ ಅದೇ ಅಕ್ಕೋರ ಮುಂದೆ ಕೂಡಬೇಕಲ್ಲ. ಆ ಅಕ್ಕೋರ ಪಾಡೂ ನನಗೆ ಗೊತ್ತು. ಒಂದು ಕಡೆ 39 ಮಕ್ಕಳು. ಇನ್ನೊಂದು ಕಡೆ ಹಾಲು, ಮೊಟ್ಟೆ, ಹಾಜರಿ, ಆನ್‌ಲೈನ್ ಎಂಟ್ರಿ. ಅವರಿಗೆ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಹಾಲು ಚೆಲ್ಲಿದ ಸೀರೆಯ ಫಾಲು ಹಚ್ಚಿದವಳು ನಾನೇ. ಆ ಕಲೆ ಹೋಗಿಲ್ಲ.

ಅದಕ್ಕೇ ನನ್ನ ಕೇಳಿಕೆ ದೊಡ್ಡದಲ್ಲ. ನಮ್ಮ ಜಿಲ್ಲೆಗೆ ಒಂದು ಅನುಕೂಲ ಇದೆ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಇದೆ, ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಕೂಡ ಅಲ್ಲೇ ಇದೆ. ಇಬ್ಬರೂ ಸೇರಿ ಅರ್ಧ ದಿನ ಈ ವಿಷಯಕ್ಕೆ ಕೊಟ್ಟರೆ ಸಾಕು. ಪಿಪಿಟಿ ಬೇಡ. ಇಂಥ ಮಕ್ಕಳ ಒಬ್ಬಿಬ್ಬರು ತಾಯಂದಿರನ್ನು ಕರೆದು ಮಾತಾಡಿಸಿದರೂ ಆದೀತು, ನಾನು ಮಷೀನು ಬಂದ್ ಮಾಡಿ ಬರುತ್ತೇನೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲೂಕಿನಲ್ಲಿರುವ ಬಿಐಇಆರ್‌ಟಿ ಶಿಕ್ಷಕರು ಕೈ-ಕಾಲು, ಕಣ್ಣು, ಕಿವಿಯ ತೊಂದರೆ ಇರುವ ಮಕ್ಕಳಿಗೆ ಬಹಳ ದುಡಿಯುತ್ತಾರೆ. ಚಿನ್ನಿಯ ತೊಂದರೆ ಹೊರಗೆ ಕಾಣುವುದಿಲ್ಲ. ಅವರ ಪಟ್ಟಿಗೆ ಇಂಥ ಮಕ್ಕಳೂ ಸೇರಬೇಕು. ಹಾಜರಿ ಕಡಿಮೆ ಅಂತ ಹೆದರಿಸುವುದು ನಿಲ್ಲಬೇಕು. ಬರುವ ಮಗು ಎರಡು ತಾಸು ಬಂದರೂ ಅದು ಬಂದ ಹಾಗೆಯೇ ಲೆಕ್ಕ.

ಕ್ಲಾಸಿನಲ್ಲಿ ಬದಲಾಗಬೇಕಾದದ್ದು ಮಾತಿನ ಧಾಟಿ, ಇನ್ನೇನಲ್ಲ. ಅವಳೊಬ್ಬಳನ್ನೇ ನೋಡಿ ಹೇಳುವ ಬದಲು ಇಡೀ ಕ್ಲಾಸಿಗೆ ಹೇಳಿದರೆ ಆಗುತ್ತದೆ. "ಲೆಕ್ಕ ಮಾಡು" ಅನ್ನುವ ಜಾಗದಲ್ಲಿ "ಈ ಲೆಕ್ಕದಾಗ ನಂದss ಏನೋ ತಪ್ಪೈತಿ, ಗೊತ್ತಾಗವಲ್ದು" ಅಂತ ಬೋರ್ಡಿನ ಕಡೆ ತಿರುಗಿ ಅಂದರೆ ಸಾಕು, ಚಿನ್ನಿ ಓಡಿ ಬಂದು ತಪ್ಪು ತೋರಿಸುತ್ತಾಳೆ. ಲೋಟ ಪಕ್ಕದಲ್ಲಿಟ್ಟು ಅಕ್ಕೋರು ಆ ಕಡೆ ಹೋದರೆ, ಬರುವಷ್ಟರಲ್ಲಿ ಹಾಲು ಖಾಲಿಯಾಗಿರುತ್ತದೆ. ಖಾಲಿಯಾದದ್ದನ್ನು ಹೊಗಳಬಾರದು, ಅಷ್ಟೇ. ಬಾಗಿಲ ಹತ್ತಿರ ಜಾಗ, ತಲೆ ಕೆಟ್ಟಾಗ ವರಾಂಡದ ಕಟ್ಟೆಯ ಮೇಲೆ ಹತ್ತು ನಿಮಿಷ, ಬರೆಯುವ ಬದಲು ಬಾಯಲ್ಲಿ ಹೇಳುವ ಅವಕಾಶ. ಒಂದು ಪೈಸೆ ಖರ್ಚಿಲ್ಲ.

ಮೊನ್ನೆ ಯೂನಿಫಾರ್ಮಿನ ಬಟ್ಟೆಯನ್ನು ಮಷೀನಿನ ಮೇಲೆ ಸುಮ್ನೆ ಹಾಗೇ ಬಿಟ್ಟಿದ್ದೆ. ಏನೂ ಹೇಳಲಿಲ್ಲ. ಸಂಜೆ ನೋಡಿದರೆ ಅದರ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದಿದ್ದಳು, ಕಾಲರು ಇಲ್ಲದ ಅಂಗಿಯದ್ದು. ಗೆರೆ ಸೊಟ್ಟ. ಅಳತೆ ಸರಿಯಾಗಿದೆ. ಕಾಲರು ಇಲ್ಲದ ಯೂನಿಫಾರ್ಮಿಗೆ ಇಲಾಖೆಯ ಅಭ್ಯಂತರ ಇರಲಿಕ್ಕಿಲ್ಲ ಅಂದುಕೊಂಡು ನಾಳೆ ಕತ್ತರಿಸುತ್ತಿದ್ದೇನೆ.

ಈ ಪತ್ರಕ್ಕೆ ಉತ್ತರ ಬರೆಯಿರಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳುವ ಅಭ್ಯಾಸ ಬಿಟ್ಟಿದ್ದೇನೆ. ಪೋಸ್ಟ್‌ಮನ್ ನಮ್ಮ ಓಣಿಗೆ ಹನ್ನೊಂದರ ಸುಮಾರಿಗೆ ಬರುತ್ತಾರೆ. ಆ ಹೊತ್ತಿಗೆ ನಾನು ಬಾಗಿಲಲ್ಲೇ ಮಷೀನು ಹಾಕಿಕೊಂಡು ಕೂತಿರುತ್ತೇನೆ.

ಇಂತಿ,
ಚಿನ್ನಿಯ ಅವ್ವ
ಹಳೇ ಹುಬ್ಬಳ್ಳಿ